ಕತ್ತಲು ಕೇಳಿಕೊಂಡು ಬರುವ ಅಕ್ಕ

ಅವರನ್ನು ಮೊದಲ ಸಲ ಕಂಡಾಗ ವಿದ್ಯುತ್ ಕಚೇರಿಯವರೆಂದು ತಿಳಿದೆ. ಮುಸ್ಸಂಜೆ ಹೊತ್ತಿನಲ್ಲಿ ನೀಲಿ ಕೋಟು ತೊಟ್ಟ, ಕೈಯಲ್ಲಿ ಟಾರ್ಚು ಹಿಡಿದ, ಮುಖದಲ್ಲಿ ನಗೆಯ ಸುಳಿವೂ ಇಲ್ಲದ ಹೆಂಗಸೊಬ್ಬರು ಗೇಟಿನ ಚಿಲಕ ತೆಗೆದು ನೇರ ಬಾಗಿಲಿಗೇ ಬಂದು, "ಸರ್, ನಿಮ್ಮ ಮನೆ ಲೈಟ್ ಆರಿಸ್ಬೇಕಿತ್ತು" ಎಂದರೆ ಯಾವ ಸಂಸಾರಸ್ಥ ತಾನೇ ಬೇರೆ ಏನು ತಿಳಿದಾನು? ನಾನು ಸಂಸಾರಸ್ಥರ ಮೊದಲ ಅಸ್ತ್ರ ಬಿಟ್ಟೆ: ಬಿಲ್ಲು ಕಟ್ಟಿಯಾಗಿದೆ ಎಂದೆ. ಅವರು ಅಲುಗಲಿಲ್ಲ. ಎರಡನೆಯ ಅಸ್ತ್ರವಾಗಿ, ನಿಮ್ಮ ಮೇಲಿನವರು ನನಗೆ ಚೆನ್ನಾಗಿ ಗೊತ್ತು ಎಂದೆ. ಯಾವ ಮೇಲಿನವರು ಎಂದು ಅವರು ಕೇಳಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಪುಣ್ಯಕ್ಕೆ ಕೇಳಲಿಲ್ಲ.

"ಬಿಲ್ ಕಟ್ಟಿದೋರೂ ಆರಿಸ್ಬಹುದು ಸರ್" ಎಂದರು, ಅಷ್ಟೆ.

ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದವಳೇ ಜಗುಲಿಯ ದೀಪ ಆರಿಸಿ, ಅಂಗಳಕ್ಕಿಳಿದು ತಲೆ ಮೇಲೆತ್ತಿ ನಿಂತಳು. ನಾನಿನ್ನೂ ಬಾಗಿಲಲ್ಲಿ ವಾದಕ್ಕೆ ಸೊಂಟ ಕಟ್ಟಿಕೊಂಡು ನಿಂತಿದ್ದೆ. "ಗುಮ್ಮಟದೋರು ಕಣ್ರೀ. ಮೇಲಿನೋರು ನಿಮಗೆ ಗೊತ್ತು ಅಂದ್ರಲ್ಲ, ನೋಡ್ಬನ್ನಿ, ಮೇಲೇ ಇದಾರೆ" ಎಂದು ಆಕಾಶ ತೋರಿಸಿದಳು. ಆ ಮಾತು ನಮ್ಮ ಮನೆಯಲ್ಲಿ ಬಹಳ ಕಾಲ ಓಡಾಡಿಕೊಂಡಿತ್ತು.

ವಿಷಯ ಇಷ್ಟು. ನಮ್ಮ ಬೀದಿ ಮುಗಿಯುವಲ್ಲಿ ಒಂದು ಸಣ್ಣ ಗುಡ್ಡ, ಗುಡ್ಡದ ಮೇಲೆ ವಿಶ್ವವಿದ್ಯಾಲಯದ ವೀಕ್ಷಣಾಲಯ. ಅದರ ದುಂಡು ಮಾಡಿನಿಂದಾಗಿ ಸುತ್ತಲಿನವರ ಬಾಯಲ್ಲಿ ಅದು ಗುಮ್ಮಟ. ತಿಂಗಳಿಗೊಂದು ಶನಿವಾರ ಅಲ್ಲಿ ಸಾರ್ವಜನಿಕರನ್ನು ಕರೆದು ದೂರದರ್ಶಕದಲ್ಲಿ ಗ್ರಹ, ನಕ್ಷತ್ರ ತೋರಿಸುತ್ತಾರೆ. ಕೆಳಗಿನ ಬೀದಿಗಳಲ್ಲಿ ದೀಪ ಜಾಸ್ತಿಯಾದರೆ ಮೇಲೆ ಏನೂ ಕಾಣುವುದಿಲ್ಲ. ಆದ್ದರಿಂದ ಆ ಸಂಜೆ ಇವರು ಮನೆಮನೆಗೂ ಬಂದು, ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೇಳುವ ಧಾಟಿಯಲ್ಲಿ, ಸ್ವಲ್ಪ ಹೊತ್ತಿನ ಕತ್ತಲು ಕೇಳಿಕೊಂಡು ಹೋಗುತ್ತಾರೆ. ಬೀದಿ ಅವರಿಗೆ ಕತ್ತಲಕ್ಕ ಎಂದು ಹೆಸರಿಟ್ಟಿದೆ. ಎದುರಿಗೇ ಕರೆದರೂ ಬೇಸರವಿಲ್ಲ, ಓ ಎನ್ನುತ್ತಾರೆ.

ಕತ್ತಲಕ್ಕನ ಹುದ್ದೆಯ ಹೆಸರು ಅವರ ಸಂಬಳಕ್ಕಿಂತ ಉದ್ದ. ಸಹಾಯಕಿ ಎಂಬ ಪದ ಅದರ ನಡುವೆ ಎಲ್ಲೋ ಬಂದು ಹೋಗುತ್ತದೆ. ಗುಮ್ಮಟದ ನೆಲ ಗುಡಿಸುವುದು, ಮಾಡು ತಿರುಗುವ ಗಾಲಿಗಳಿಗೆ ಗ್ರೀಸು ಹಚ್ಚುವುದು, ಹಗ್ಗ ಎಳೆದು ಮಾಡಿನ ಸೀಳು ತೆರೆಯುವುದು ಅವರ ಕೆಲಸ. ಶನಿವಾರ ಬಂತೆಂದರೆ ಏಣಿ ಹಿಡಿಯುವುದೂ ಅವರೇ. ಅಲ್ಲಿನ ದೂರದರ್ಶಕ ಹಳೆಯದು, ಉದ್ದದ್ದು, ಎತ್ತರದ ಕಂಬದ ಮೇಲೆ ಕೂತದ್ದು. ನೆತ್ತಿಯ ಮೇಲಿನ ನಕ್ಷತ್ರಕ್ಕೆ ತಿರುಗಿಸಿದರೆ ಕಣ್ಣಿಡುವ ತುದಿ ಕುರ್ಚಿಯ ಮಟ್ಟಕ್ಕೆ ಇಳಿಯುತ್ತದೆ. ದಿಗಂತದ ಹತ್ತಿರದ್ದಕ್ಕೆ ತಿರುಗಿಸಿದರೆ ಆ ತುದಿ ತಾನೇ ಮೇಲೇರುತ್ತದೆ. ಆಕಾಶದಲ್ಲಿ ನೋಡಬೇಕಾದ್ದು ಕೆಳಗಿಳಿದಷ್ಟೂ ನೋಡುವವನು ಏಣಿ ಹತ್ತಬೇಕು. ಹತ್ತಿದವರು ಬೀಳದಂತೆ ಕೆಳಗೆ ಒಬ್ಬರು ಗಟ್ಟಿಯಾಗಿ ಹಿಡಿದಿರಬೇಕು. ಅದೆಷ್ಟು ದೂರದಲ್ಲಿದೆ, ಅದರ ವಯಸ್ಸೆಷ್ಟು ಎಂದು ಜನ ಏಣಿಯ ಮೇಲಿಂದಲೇ ವಿಚಾರಿಸಿದರೆ ಕತ್ತಲಕ್ಕ, ಅದೆಲ್ಲ ಮೇಡಂ ಹತ್ರ ಕೇಳಿ, ನನ್ನ ಲೆಕ್ಕ ಏಣಿಯ ಕೊನೆ ಮೆಟ್ಟಿಲಿಗೆ ಮುಗೀತು ಎನ್ನುತ್ತಾರೆ. ಮೇಡಂ ಎಂದರೆ ವಿಭಾಗದ ಮುಖ್ಯಸ್ಥೆ.

ಕತ್ತಲಕ್ಕನ ಮನೆ ವೆಲ್ಡಿಂಗ್ ಅಂಗಡಿಯ ಹಿಂದಿನ ಎರಡು ಕೋಣೆ. ಅಂಗಡಿ ಗಂಡನದು. ಅವರು ಹಗಲಿಡೀ ಬೀದಿಯವರ ಕಣ್ಣು ಕುಕ್ಕುವಷ್ಟು ಬೆಳಕು ಮಾಡುತ್ತಾರೆ, ಹೆಂಡತಿ ಸಂಜೆ ಬಂದು ಹಿಸಾಬು ಸರಿ ಮಾಡುತ್ತಾರೆ. ಶನಿವಾರ ಮೊದಲು ಷಟರು ಎಳೆಯಬೇಕಾದವರು ಗಂಡನೇ. ಕಬ್ಬಿಣ ಅರ್ಧ ಬೆಸೆದಿದ್ದರೂ ಸರಿಯೇ. ಒಂದು ಸಲ ಗಿರಾಕಿಯೊಬ್ಬ ತನ್ನ ಗೇಟಿಗೆ ಒಂದೇ ಕೀಲು ಕೂತಿದೆ, ಇನ್ನೊಂದು ಬಾಕಿ ಇದೆ ಎಂದು ಗಲಾಟೆ ಮಾಡಿದ್ದಕ್ಕೆ ಗಂಡ, ನಾನೂ ಅಷ್ಟೇ ಅಣ್ಣ, ಒಂದೇ ಕೀಲಲ್ಲಿ ನಿಂತಿದೀನಿ, ಸೋಮವಾರ ಬನ್ನಿ ಎಂದರಂತೆ.

ಒಳಕೋಣೆಯ ಕಿಟಕಿಗೆ ಒತ್ತಿಕೊಂಡಂತೆ ಮಂಚ, ಮಂಚದ ಮೇಲೆ ಅತ್ತೆ. ಆ ಕಿಟಕಿಯಿಂದ ಪಕ್ಕದ ಮೂರೂ ಮನೆಗಳ ಹಿತ್ತಿಲು ಕಾಣುವುದರಿಂದ ಅತ್ತೆಗೆ ದಿನ ಹೋಗುವುದು ತಿಳಿಯುವುದಿಲ್ಲ. ನಾನೊಮ್ಮೆ ಮುರಿದ ಕುರ್ಚಿ ಬೆಸೆಸಿಕೊಳ್ಳಲು ಹೋಗಿದ್ದಾಗ ಆಕೆ ತಮ್ಮ ದುಃಖ ತೋಡಿಕೊಂಡರು.

"ಮನೆ ಬೆಳಗೋ ಸೊಸೆ ಬರ್ಲಿ ಅಂತ ಕೇಳ್ಕೊಂಡಿದ್ದೆ ಕಣಪ್ಪ. ಬಂದೋಳು ಬೀದಿ ದೀಪ ಎಲ್ಲಾ ಆರಿಸ್ಕೊಂಡು ಬರ್ತಾಳೆ."

ಸೊಸೆ ಅಲ್ಲೇ ಚಹಾ ಸೋಸುತ್ತಿದ್ದವರು, ಅತ್ತೆ, ನಿಮ್ಮ ಕೋಣೆ ಬಲ್ಬು ಒಂದು ದಿನವಾದ್ರೂ ಮುಟ್ಟಿದೀನಾ ಎಂದು ಕೇಳಿದರು. ಮುಟ್ಟಿ ನೋಡು ಎಂದರು ಅತ್ತೆ. ಇಬ್ಬರೂ ಜೊತೆಯಾಗಿ ಚಹಾ ಕುಡಿದರು.

ಕತ್ತಲು ಕೇಳುವ ಈ ಪದ್ಧತಿ ವಿಶ್ವವಿದ್ಯಾಲಯ ಹೇಳಿಕೊಟ್ಟದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕತ್ತಲಕ್ಕನಿಗೆ ಒಂದು ಸಂಗತಿ ಕಾಣಿಸಿತು. ಜನ ದೂರದಿಂದ ಬಸ್ಸು ಹಿಡಿದು ಬರುತ್ತಾರೆ, ಸಾಲಲ್ಲಿ ನಿಲ್ಲುತ್ತಾರೆ, ಏಣಿ ಹತ್ತುತ್ತಾರೆ, ಕಣ್ಣಿಡುತ್ತಾರೆ, ಇಳಿದು "ತುಂಬಾ ಚೆನ್ನಾಗಿದೆ" ಎನ್ನುತ್ತಾರೆ. ಎಲ್ಲರೂ ಅದೇ ಮಾತು, ಅದೇ ಮುಖ. ಬೇರೆಯವರ ಮನೆಯ ಸೋಫಾ ಹೊಗಳುವಾಗ ಇರುತ್ತದಲ್ಲ, ಆ ಮುಖ. ಒಂದು ಸಂಜೆ ಎಲ್ಲರೂ ಹೋದ ಮೇಲೆ ತಾವೂ ಹತ್ತಿ ನೋಡಿದರು. ಬೂದುಬಣ್ಣದ ಒಂದು ದುಂಡು ಬೆಳಕು, ಅದರೊಳಗೆ ಏನೂ ಇಲ್ಲ. ಆ ದಿನ ತೋರಿಸಬೇಕಿದ್ದ ನಕ್ಷತ್ರಗಳ ಗುಂಪು ಕೆಳಗಿನ ಬೀದಿಯ ಬೆಳಕಿನಲ್ಲಿ ಕರಗಿಹೋಗಿತ್ತು. ಅಷ್ಟು ಜನರಲ್ಲಿ ಒಬ್ಬರೂ ಕಾಣಲಿಲ್ಲ ಎನ್ನಲಿಲ್ಲ. ಮುಂದಿನವರು ಚೆನ್ನಾಗಿದೆ ಎಂದ ಮೇಲೆ ಹಿಂದಿನವರು ಹೇಗೆ ತಾನೇ ಇಲ್ಲ ಎಂದಾರು? ಅವರಲ್ಲಿ ಒಬ್ಬರು ಕಾಲೇಜಿನ ಪ್ರಾಚಾರ್ಯರು, ನಕ್ಷತ್ರಗಳ ಬಣ್ಣವನ್ನೂ ವರ್ಣಿಸಿ ಹೋಗಿದ್ದರಂತೆ.

"ಊಟಕ್ಕೆ ಕರೆದು ಖಾಲಿ ತಟ್ಟೆ ಇಟ್ಟ ಹಾಗಾಯ್ತು ಅಣ್ಣ. ಅವರೋ ಪಾಪ, ರುಚಿಯಾಗಿದೆ ಅಂದು ಕೈ ತೊಳ್ಕೊಂಡು ಹೋದ್ರು" ಎಂದು ಕತ್ತಲಕ್ಕ ನನಗೆ ಹೇಳಿದರು. ಆ ಮಾತು ಹೇಳುವಾಗಲೂ ಅವರ ಮುಖ ಸಣ್ಣದಾಗಿತ್ತು.

ಮುಂದಿನ ಶನಿವಾರವೇ, ಕತ್ತಲಿಗೆ ಒಗ್ಗಿದ ಕಣ್ಣು ಕುಕ್ಕದಂತೆ ಟಾರ್ಚಿನ ಬಾಯಿಗೆ ಕೆಂಪು ಕಾಗದ ಸುತ್ತಿಕೊಂಡು ಗುಡ್ಡ ಇಳಿದರು. ಮೊದಮೊದಲು ಬೈಗುಳ, ಆಮೇಲೆ ಕುತೂಹಲ, ಆಮೇಲೆ ಅಭ್ಯಾಸ. ದರ್ಜಿಯವರು ಇವರು ಬೀದಿಯ ತಿರುವಿನಲ್ಲಿ ಕಂಡೊಡನೆ ಟ್ಯೂಬ್‌ಲೈಟು ಆರಿಸುತ್ತಾರೆ, ಆರಿಸಿ ಕತ್ತಲಲ್ಲೇ ಕೂತು ಹರಟುತ್ತಾರೆ. ಔಷಧಿ ಅಂಗಡಿಗೆ ಮಾತ್ರ ಇವರು ಹೋಗುವುದಿಲ್ಲ. ಜ್ವರ ಬಂದೋರಿಗೆ ಆ ಲೈಟೇ ನಕ್ಷತ್ರ, ಇರಲಿ ಎನ್ನುತ್ತಾರೆ. ಬೀದಿದೀಪಗಳನ್ನು ಆರಿಸಲು ಬರುವುದಿಲ್ಲವಾದ್ದರಿಂದ ಗಂಡನ ಕೈಯಲ್ಲಿ ತಗಡಿನ ಟೋಪಿ ಮಾಡಿಸಿ, ನಗರಸಭೆಯವರನ್ನು ಕಾಡಿಬೇಡಿ, ಒಂದೊಂದು ದೀಪಕ್ಕೂ ತೊಡಿಸಿದರು. ಬೆಳಕು ನೆಲಕ್ಕೆ ಬೀಳುತ್ತದೆ, ಆಕಾಶಕ್ಕೆ ಹೋಗುವುದಿಲ್ಲ. ನಮ್ಮ ಬೀದಿಯ ದೀಪಗಳು ಈಗ ಸಾಲಾಗಿ ತಲೆ ತಗ್ಗಿಸಿ ನಿಂತ ಶಾಲಾ ಮಕ್ಕಳಂತಿವೆ.

ಎಲ್ಲ ಹೀಗೆ ಸರಿಯಾಗಿ ನಡೆಯುತ್ತಿರುವಾಗ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಬಡಾವಣೆಗೆ ಏನಾದರೂ ಮಾಡಬೇಕು ಎನ್ನಿಸಿತು. ಅಧ್ಯಕ್ಷರು ಒಳ್ಳೆಯವರು. ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಬರುವವರು ಅವರೇ, ಕೊನೆಗೆ ಹೋಗುವವರೂ ಅವರೇ, ನಡುವೆ ಮಾತಾಡುವವರೂ ಅವರೇ. ಅವರು ಗುಡ್ಡದ ಪಶ್ಚಿಮಕ್ಕಿರುವ ನಾಲ್ಕು ರಸ್ತೆ ಸೇರುವಲ್ಲಿ ಒಂದು ಎತ್ತರದ ಕಂಬ ನೆಡಿಸಿ, ತುದಿಯಲ್ಲಿ ದೊಡ್ಡ ದೀಪಗಳ ಗೊಂಚಲು ಕೂರಿಸಿದರು. ಬುಡದಲ್ಲಿ ಕಲ್ಲಿನ ಫಲಕ. ಫಲಕದಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿ, ಉಳಿದ ವಿಷಯ ಸಣ್ಣಕ್ಷರದಲ್ಲಿ. ಅಷ್ಟು ಬೆಳಕಿದ್ದರೂ ಸಾಲದೆಂದು ಫಲಕಕ್ಕೇ ಬೇರೆ ಒಂದು ಬಲ್ಬು. ಸ್ವಿಚ್ಚಿನ ಪೆಟ್ಟಿಗೆಯ ಬೀಗದ ಕೈ ಅಧ್ಯಕ್ಷರ ಜೇಬಿನಲ್ಲಿ.

ಮೊದಲ ಸಂಜೆಯೇ ಗುಮ್ಮಟದ ಪಶ್ಚಿಮದ ಆಕಾಶ ಸುಣ್ಣ ಬಳಿದಂತಾಯಿತು. ಅದಾಗಿ ಎರಡು ಶನಿವಾರ ಜನ ಮತ್ತೆ "ತುಂಬಾ ಚೆನ್ನಾಗಿದೆ" ಎಂದು ಇಳಿದುಹೋದರು.

ಮೇಡಂ ಸೂಕ್ಷ್ಮದವರು. ಕತ್ತಲಕ್ಕನನ್ನು ಕರೆದು, ಜನರ ಬಾಯಲ್ಲಿ ಹೀಗೆ ಸುಳ್ಳು ಹೇಳಿಸುವುದು ತಮಗೆ ನಾಚಿಕೆ ಎಂದರು. ಬರುವ ಶನಿವಾರ ಒಂದು ಧೂಮಕೇತು ಪಶ್ಚಿಮದಲ್ಲಿ, ತೀರ ಕೆಳಗೆ, ಸಂಜೆ ಕತ್ತಲಾದ ಮೇಲೆ ಸ್ವಲ್ಪ ಹೊತ್ತು ಕಾಣಬೇಕು. ಬಂದವರಿಗೆ ಅದು ನಿಜವಾಗಿ ಕಂಡರೆ ಸರಿ. ಕಾಣದಿದ್ದರೆ ಶನಿವಾರದ ಕಾರ್ಯಕ್ರಮ ಅಲ್ಲಿಗೆ ನಿಲ್ಲಿಸಿ, ಕೆಳಗಿನ ಸಭಾಂಗಣದಲ್ಲಿ ಪರದೆಯ ಮೇಲೆ ಚಿತ್ರ ತೋರಿಸೋಣ ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕತ್ತಲಕ್ಕನ ಕೆಲಸಕ್ಕೂ ಸಂಬಳಕ್ಕೂ ಕುತ್ತಿರಲಿಲ್ಲ. ಏಣಿ ಹಿಡಿಯುವ ಶ್ರಮವೂ ತಪ್ಪುತ್ತಿತ್ತು. ಆದರೂ ಅವರು ಊಟ ಬಿಟ್ಟವರಂತಾದರು.

ನಮ್ಮ ಗೇಟಿನ ಬಳಿ ನಿಂತು ಹೇಳಿದರು: "ಪರದೆ ಮೇಲೆ ಚೆನ್ನಾಗೇ ಕಾಣುತ್ತೆ ಅಣ್ಣ, ಇಲ್ಲ ಅನ್ನಲ್ಲ. ಆದ್ರೆ ಮನೆಯೋರನ್ನ ನೋಡೋಕೆ ನೆಂಟರು ಬಂದಾಗ, ಮನೆಯೋರು ಒಳಗೇ ಇದ್ರೂ, ಫೋಟೋ ತೋರಿಸಿ ಕಳಿಸ್ತೀವಾ?"

ಅಧ್ಯಕ್ಷರ ಮನೆಗೆ ಹೋದರು. ಅಧ್ಯಕ್ಷರು ಕಳ್ಳರ ವಿಷಯವಾಗಿ ದೀರ್ಘವಾಗಿ ಮಾತಾಡಿದರು. ಬೀದಿದೀಪಗಳು ಇದ್ದೇ ಇರುತ್ತವಲ್ಲ ಎಂದರೆ, ಅವಕ್ಕೆ ಟೋಪಿ ಹಾಕಿದವರು ಯಾರು ಎಂದು ಕೇಳಿದರು. ಎರಡನೆಯ ಸಲ ಹೋದಾಗ ಅಭಿವೃದ್ಧಿಯ ವಿಷಯ ಬಂತು. ನಾಗರಿಕತೆ ಕತ್ತಲಿನಿಂದ ಬೆಳಕಿಗೆ ನಡೆಯುತ್ತಿರುವಾಗ ಹಿಂದಕ್ಕೆ ನಡೆಯುವ ಮೊದಲ ಬಡಾವಣೆ ನಮ್ಮದಾಗಬಾರದು ಎಂದರು. ಕತ್ತಲಕ್ಕ ಕೇಳಿಸಿಕೊಂಡು, ಹೂಂ ಎಂದು, ಬರಿಗೈಯಲ್ಲಿ ಬಂದರು. ನಾನು ಶಿಫಾರಸು ಮಾಡಲು ಹೋಗಿ ಮೂರನೆಯ ಭಾಷಣ ಕೇಳಿಕೊಂಡು ಬಂದೆ.

ದಾರಿ ತೋರಿಸಿದವರು ಅತ್ತೆ. ಸೊಸೆ ಆ ಸಂಜೆ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಿದ್ದರಂತೆ. ಅತ್ತೆ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಏನು ನಡೆಯಿತೆಂದು ಪೂರ್ತಿ ಹೇಳಿಸಿಕೊಂಡರು. ಆಮೇಲೆ ಹೇಳಿದರು: "ಅವನಿಗೆ ಬೇಕಾಗಿರೋದು ದೀಪ ಅಲ್ಲ ಕಣೇ. ಉದ್ಘಾಟನೆ. ಅದನ್ನ ಕೊಡು, ದೀಪ ಅವನೇ ಕೊಡ್ತಾನೆ."

ಮರುದಿನ ಕತ್ತಲಕ್ಕ ಮೂರನೆಯ ಸಲ ಅಧ್ಯಕ್ಷರ ಮನೆಗೆ ಹೋದದ್ದು ಕೇಳಿಕೊಳ್ಳಲು ಅಲ್ಲ, ಕರೆಯಲು. ದೀಪ ಹಚ್ಚಿ ಉದ್ಘಾಟಿಸಿದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಆರಿಸಿ ಉದ್ಘಾಟಿಸಿದವರು ತಮಗೆ ತಿಳಿದಂತೆ ಯಾರೂ ಇಲ್ಲ, ಅಧ್ಯಕ್ಷರು ಒಪ್ಪದಿದ್ದರೆ ಪಕ್ಕದ ಬಡಾವಣೆಯ ಅಧ್ಯಕ್ಷರನ್ನು ಕೇಳಬೇಕಾಗುತ್ತದೆ ಎಂದರು. ಪಕ್ಕದ ಬಡಾವಣೆಯ ಹೆಸರು ಕೇಳಿದೊಡನೆ ಕಳ್ಳರೂ ನಾಗರಿಕತೆಯೂ ಒಟ್ಟಿಗೆ ಮಾಯವಾದರು. ಸಂಜೆಯೊಳಗೆ ಆಮಂತ್ರಣ ಪತ್ರಿಕೆ ಅಚ್ಚಾಯಿತು: 'ಕತ್ತಲೆಯ ಉದ್ಘಾಟನೆ', ಕೆಳಗೆ ಅಧ್ಯಕ್ಷರ ಹೆಸರು, ಇನ್ನೂ ಕೆಳಗೆ ಧೂಮಕೇತು.

ಶನಿವಾರ ಸೂರ್ಯ ಮುಳುಗುವ ಹೊತ್ತಿಗೆ ಕಂಬದ ಸುತ್ತ ಜಾತ್ರೆ ಸೇರಿತ್ತು. ಅಧ್ಯಕ್ಷರು ಇಸ್ತ್ರಿ ಹಾಕಿದ ಕೋಟಿನಲ್ಲಿ ಬಂದರು. ಜೊತೆಗೊಬ್ಬ ಫೋಟೋದವನು. ಆ ಬಡಪಾಯಿಗೆ ಒಂದು ವೃತ್ತಿಪರ ಅನುಮಾನವಿತ್ತು. ಕತ್ತಲೆಯ ಫೋಟೋ ತೆಗೆದರೆ ಬರೀ ಕಪ್ಪು ಬರುತ್ತದಲ್ಲ, ಕಪ್ಪಿನಲ್ಲಿ ಅಧ್ಯಕ್ಷರು ಎಲ್ಲಿದ್ದಾರೆ ಎಂದು ಪತ್ರಿಕೆಯವರಿಗೆ ಬಾಣದ ಗುರುತು ಹಾಕಿ ತೋರಿಸಬೇಕೇ ಎಂದು ಕೇಳಿದ. ಕತ್ತಲಕ್ಕ, ಮೊದಲು ಫೋಟೋ, ಆಮೇಲೆ ಸ್ವಿಚ್ಚು, ಅದಾದ ಮೇಲೆ ಭಾಷಣ ಎಂದು ಅನುಕ್ರಮ ಹೇಳಿದರು. ಎಲ್ಲರೂ ಒಪ್ಪಿದರು. ಸ್ವಿಚ್ಚಿನ ಮೇಲೆ ಕೈಯಿಟ್ಟು ಅಧ್ಯಕ್ಷರು ನಾಲ್ಕು ಬಗೆಯಲ್ಲಿ ನಕ್ಕರು, ನಾಲ್ಕೂ ಸೆರೆಯಾದವು.

ಪಶ್ಚಿಮದಲ್ಲಿ ಕೆಂಪು ಆರುತ್ತಿತ್ತು. ಗುಡ್ಡದ ಮೇಲೆ ಮೇಡಂ ಕಾಯುತ್ತಿದ್ದರು. ಧೂಮಕೇತು ಯಾರಿಗೂ ಕಾಯುವಂಥದ್ದಲ್ಲ, ಸ್ವಲ್ಪ ಹೊತ್ತಿನಲ್ಲೇ ಅದೂ ಸೂರ್ಯನ ಹಿಂದೆ ಇಳಿದುಬಿಡುತ್ತದೆ. ಅಧ್ಯಕ್ಷರ ಕೋಟಿನ ಒಳಜೇಬಿನಿಂದ ಇಣುಕುತ್ತಿದ್ದ ಭಾಷಣದ ಹಾಳೆಗಳ ದಪ್ಪ ನೋಡಿ ನಾನು ಮತ್ತೆ ಪಶ್ಚಿಮದ ಕಡೆ ನೋಡಿದೆ.

ಅಧ್ಯಕ್ಷರು ಸ್ವಿಚ್ಚು ಒತ್ತಿದರು. ಕಂಬದ ದೀಪ, ಫಲಕದ ಬಲ್ಬು, ಎಲ್ಲ ಒಟ್ಟಿಗೆ ಆರಿದವು. ಜನ ಮೇಲೆ ನೋಡಿದರು. ನಮ್ಮ ಬೀದಿಯ ಮೇಲೆ ಅಷ್ಟು ನಕ್ಷತ್ರಗಳಿದ್ದದ್ದು ನಮಗೆ ಯಾರೂ ಹೇಳಿರಲಿಲ್ಲ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ತಮಗೆಂದು ತಿಳಿದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಜೇಬಿನಿಂದ ಹಾಳೆಗಳನ್ನು ತೆಗೆದು, ಬಿಡಿಸಿ, ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು.

ಒಂದಕ್ಷರವೂ ಕಾಣಲಿಲ್ಲ.

ಮೊಬೈಲಿನ ಟಾರ್ಚು ಹೊತ್ತಿಸಿದರೋ ಇಲ್ಲವೋ, ಸುತ್ತಲಿನವರೆಲ್ಲ, ಸರ್, ಲೈಟು, ಲೈಟು ಎಂದರು. ಇದೀಗ ತಾವೇ ಉದ್ಘಾಟಿಸಿದ ಕತ್ತಲೆಯನ್ನು ತಾವೇ ಕೆಡಿಸುವುದು ಹೇಗೆ? ಅಧ್ಯಕ್ಷರು ಟಾರ್ಚು ಆರಿಸಿದರು. ಬಾಯಿಪಾಠವಿದ್ದದ್ದು ಮೊದಲ ಸಾಲು ಮಾತ್ರ, ಅದು 'ಮಾನ್ಯರೇ' ಎಂಬುದು. ಅದನ್ನು ಹೇಳಿದರು. ಸ್ವಲ್ಪ ಕಾದರು. ಎರಡನೆಯದು ಬರಲಿಲ್ಲ. ಜನ ಅಷ್ಟರಲ್ಲಿ ಗುಡ್ಡ ಹತ್ತತೊಡಗಿದ್ದರು. ಕತ್ತಲಕ್ಕ ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿದ್ದರೋ ಏನೋ. ಕತ್ತಲಲ್ಲಿ ಅವರ ಮುಖ ಕಾಣಲಿಲ್ಲ.

ಗುಮ್ಮಟದೊಳಗೆ ಸಾಲಿನಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಅಧ್ಯಕ್ಷರು ಕೋಟು ಸರಿಮಾಡಿಕೊಂಡು ದರ್ಜಿಯವರ ಹಿಂದೆ ನಿಂತರು. ಎಲ್ಲರಿಗಿಂತ ಮುಂದೆ ಇದ್ದವರು ಅತ್ತೆ. ಮಗ ಸಾಮಾನಿನ ಗಾಡಿಯಲ್ಲಿ ಕುರ್ಚಿ ಇಟ್ಟು ಕೂರಿಸಿಕೊಂಡು ಬಂದಿದ್ದರು. ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿಸಿದರು. ಅತ್ತೆ ಕಣ್ಣಿಟ್ಟು, ಇಡೀ ಗುಮ್ಮಟಕ್ಕೆ ಕೇಳುವಂತೆ ಹೇಳಿದರು:

"ಏನೂ ಕಾಣಲ್ಲ."

ಮೂಲೆಯಲ್ಲಿ ನಿಂತಿದ್ದ ಮೇಡಂ ಕೈಕಟ್ಟಿಕೊಂಡರು. ಕತ್ತಲಕ್ಕನಿಗೆ ಮಾತ್ರ, ಅವರೇ ಆಮೇಲೆ ಹೇಳಿದಂತೆ, ಅಷ್ಟು ವರ್ಷಗಳಲ್ಲಿ ಏಣಿಯ ಮೇಲಿಂದ ಬಂದ ಮೊದಲ ನಿಜ ಅದು. ಮಸುಕಾದದ್ದನ್ನು ನೇರ ದಿಟ್ಟಿಸಿದರೆ ಕಾಣುವುದಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಣ್ಣಿನ ಅಂಚಿಗೆ ಸಿಗುತ್ತದೆ. ಅಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಉಪಾಯ ಅದು. ಅತ್ತೆಗೆ ಅದನ್ನು ಹೇಗೆ ಹೇಳುವುದು?

"ಅತ್ತೆ, ಪಕ್ಕದ ಮನೆ ಹಿತ್ತಿಲು ನೋಡ್ತೀರಲ್ಲ, ನೋಡದ ಹಾಗೆ. ಹಾಗೆ ನೋಡಿ."

ಅಭ್ಯಾಸವಿದ್ದ ಕಣ್ಣು. ತಕ್ಷಣ ಹೊರಳಿತು. ಅತ್ತೆ ಕಣ್ಣು ತೆಗೆಯಲೇ ಇಲ್ಲ. ಮಗ ಗಾಬರಿಯಾಗಿ ಅಮ್ಮಾ ಎಂದು ಕರೆದರು. ಆಮೇಲೆ ಆಕೆ ನಿಧಾನಕ್ಕೆ, ಹತ್ತಿ ಉಂಡೆ ಥರ ಒಂದಿದೆ, ಅದರ ಹಿಂದೆ ಬಾಚಿ ಬಿಟ್ಟ ನೆರೆಗೂದಲಿನ ಹಾಗೆ ಉದ್ದಕ್ಕೆ ಏನೋ ಹರಡಿದೆ, ನನ್ನಮ್ಮನ ತಲೆ ಹೀಗೇ ಇತ್ತು ಎಂದರು.

ಮೇಡಂ ಕೈ ಬಿಚ್ಚಿದರು. ಆಮೇಲೆ ಹತ್ತಿದವರಲ್ಲಿ ಯಾರೂ "ತುಂಬಾ ಚೆನ್ನಾಗಿದೆ" ಎನ್ನಲಿಲ್ಲ. ಒಬ್ಬರು ಹೊಗೆ ಎಂದರು, ಒಬ್ಬರು ಪೊರಕೆ ಎಂದರು. ನನ್ನ ಹೆಂಡತಿ ಇಳಿದವಳೇ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು. ದರ್ಜಿಯವರು, ಸ್ವಲ್ಪವೇ ಕಂಡಿತು, ಬಾಲ ಕಾಣಲಿಲ್ಲ ಎಂದು ಧೈರ್ಯವಾಗಿ ಹೇಳಿದರು. ಅವರಿಗೂ ಹಿತ್ತಿಲ ಉಪಾಯ ಹೇಳಿಕೊಟ್ಟದ್ದಾಯಿತು, ಬಾಲವೂ ಸಿಕ್ಕಿತು. ಮೇಡಂ ಏಣಿಯ ಬುಡಕ್ಕೆ ಬಂದು, ಮುಂದಿನ ತಿಂಗಳ ಶನಿವಾರ ಜನರಿಗೆ ಏನು ತೋರಿಸೋಣ ಎಂದು ಕತ್ತಲಕ್ಕನ ಕಿವಿಯಲ್ಲಿ ಕೇಳಿದರು. ಕತ್ತಲಕ್ಕ ಏಣಿಯಿಂದ ಕೈ ತೆಗೆಯದೆ ತಲೆ ಮಾತ್ರ ಆಡಿಸಿದರು. ಆ ತಲೆಯಾಟದಲ್ಲಿದ್ದ ಖುಷಿ ಏಣಿಗೂ ಹತ್ತಿ, ಅದು ಸಣ್ಣಗೆ ಅಲ್ಲಾಡಿತು.

ಧೂಮಕೇತು ದಿಗಂತಕ್ಕೆ ಇಳಿಯುತ್ತ ಬಂದಿತ್ತು. ಸಾಲು ಇನ್ನೂ ಬಾಗಿಲಾಚೆಗಿತ್ತು. ಈಗ ಏಣಿಯ ತುತ್ತತುದಿಯಲ್ಲಿ ಅಧ್ಯಕ್ಷರು. ಬಹಳ ಹೊತ್ತು ನೋಡಿದರು. ಅವರು ನಿಜವಾಗಿ ನೋಡುತ್ತಿದ್ದರು ಎಂಬುದಕ್ಕೆ, ಅಷ್ಟು ಹೊತ್ತು ಬಾಯಿ ಮುಚ್ಚಿದ್ದದ್ದೇ ಸಾಕ್ಷಿ. ಕೊನೆಗೆ ಕಣ್ಣು ತೆಗೆದು, ಅಲ್ಲೇ ನೆಟ್ಟಗೆ ನಿಂತು, ಒಳಜೇಬಿನಲ್ಲಿ ಉಳಿದುಹೋದ ಭಾಷಣದ ಸಾರವೆಲ್ಲ ಒಂದೇ ಪ್ರಶ್ನೆಯಲ್ಲಿ ಬರುವಂತೆ ಕೆಳಗೆ ನೋಡಿ ಕೇಳಿದರು:

"ಅಲ್ಲಮ್ಮ, ಇದನ್ನೆಲ್ಲ ನೋಡಿದ್ರೆ ಮನುಷ್ಯ ಎಷ್ಟು ಸಣ್ಣವನು ಅನ್ಸಲ್ವಾ ನಿನಗೆ?"

"ಸಣ್ಣೋರಾದ್ರೆ ಇಳಿಯೋದು ಸುಲಭ" ಎಂದರು ಕತ್ತಲಕ್ಕ. "ಇಳೀರಿ. ಹಿಂದೆ ಜನ ಇದಾರೆ."